ದಪ್ಪ ಬೀಜ, ದಟ್ಟ ಪೈರು: ಒಂದು ಎಕರೆಯಲ್ಲಿ ಎಷ್ಟು ಗಿಡ ನಿಲ್ಲಬೇಕು?

ಪಾವಗಡ, ಶಿರಾ ಕಡೆ ಕಡ್ಲೆಕಾಯಿ ಬಿತ್ತುವ ಹೊತ್ತಿಗೆ ಎಕರೆಗೆ ಎಷ್ಟು ಬೀಜ ಬೇಕು ಎಂದು ಕೇಳಿದರೆ ಉತ್ತರ ಕೆಜಿಯಲ್ಲೇ ಬರುತ್ತದೆ. ಐವತ್ತು ಕೆಜಿ, ಕೈ ಬಿಚ್ಚಿ ಬಿತ್ತುವವರಾದರೆ ಅರವತ್ತು. ಅಂಗಡಿಯಲ್ಲಿ ದುಡ್ಡು ಕೊಡುವುದಕ್ಕೆ ಈ ಲೆಕ್ಕ ಸರಿ. ಆದರೆ ಹೊಲದ ಹಸಿಯನ್ನೂ ಬಿಸಿಲನ್ನೂ ಹಂಚಿಕೊಳ್ಳುವುದು ಗಿಡಗಳು. ಅದೇ ಐವತ್ತು ಕೆಜಿಯಲ್ಲಿ ಎಷ್ಟು ಬೀಜಗಳಿವೆ, ಅವುಗಳಲ್ಲಿ ಎಷ್ಟು ಗಿಡವಾಗಿ ನಿಲ್ಲುತ್ತವೆ ಎಂಬುದು ಬೀಜದ ಗಾತ್ರದ ಮೇಲೆ ನಿಂತಿದೆ. ಇದನ್ನು ಬಿಟ್ಟು ತೂಕವನ್ನಷ್ಟೇ ನೋಡಿದರೆ ಒಂದೇ ಊರಿನ ಇಬ್ಬರು ಒಂದೇ ತೂಕ ಬಿತ್ತಿಯೂ ಒಬ್ಬರ ಹೊಲ ಖಾಲಿ ಖಾಲಿ, ಇನ್ನೊಬ್ಬರದ್ದು ಕಿಕ್ಕಿರಿದು ಕಾಣುತ್ತದೆ.

ಲೆಕ್ಕ ಹೀಗೆ. ಗೊಂಚಲು ಜಾತಿಯ ಕಡ್ಲೆಕಾಯಿಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ವಾಡಿಕೆ. ಅಂದರೆ ಒಂದು ಗಿಡಕ್ಕೆ 0.03 ಚದರ ಮೀಟರ್ ಜಾಗ. ಎಕರೆ ಎಂದರೆ 4,047 ಚದರ ಮೀಟರ್. ಭಾಗಿಸಿದರೆ ಸುಮಾರು 1.35 ಲಕ್ಷ ಗಿಡ. ಬೀಜದ ಮೊಳಕೆ ಪ್ರಮಾಣ ನೂರಕ್ಕೆ 90, ಮೊಳೆತದ್ದರಲ್ಲಿ ಗೆದ್ದಲು, ಕತ್ತು ಕೊಳೆ, ಹಕ್ಕಿಗಳ ಪಾಲು ಹೋಗಿ ನೂರಕ್ಕೆ 95 ಉಳಿಯುತ್ತವೆ ಎಂದುಕೊಳ್ಳೋಣ. ಆಗ ಮಣ್ಣಿಗೆ ಬೀಳಬೇಕಾದ ಬೀಜ 1.58 ಲಕ್ಷ. ಈಗ ನೂರು ಬೀಜ ತೂಗಿ ನೋಡಿ. ಸಣ್ಣ ಬೀಜದ ತಳಿಯಾದರೆ 32 ಗ್ರಾಂ ಆಸುಪಾಸು; ಬೇಕಾದದ್ದು 50 ಕೆಜಿ. ದಪ್ಪ ಬೀಜದ ತಳಿ, ನೂರಕ್ಕೆ 45 ಗ್ರಾಂ ತೂಗುವಂಥದ್ದಾದರೆ ಬೇಕಾದದ್ದು 71 ಕೆಜಿ. ದಪ್ಪ ಬೀಜವನ್ನು ತಂದು ಹಳೆಯ ರೂಢಿಯಂತೆ ಐವತ್ತೇ ಕೆಜಿ ಬಿತ್ತಿದರೆ ನಿಲ್ಲುವುದು 95 ಸಾವಿರ ಗಿಡ. ಹತ್ತರಲ್ಲಿ ಮೂರು ಗಿಡ ಬಿತ್ತುವ ದಿನವೇ ಕಮ್ಮಿ. ಆಮೇಲೆ ತಳಿಯನ್ನೇ ದೂರುತ್ತಾರೆ.

ಮೊಳಕೆ ಪ್ರಮಾಣವೂ ಸಣ್ಣ ವಿಷಯವಲ್ಲ. ಪ್ರಮಾಣೀಕೃತ ಕಡ್ಲೆಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ನೂರಕ್ಕೆ 70 ಮಾತ್ರ. ಚೀಟಿ ಅಂಟಿಸಿದ ಚೀಲ ಎಂದು ನಂಬಿ, ಒಳಗಿರುವುದು ಆ ಕನಿಷ್ಠ ಮಟ್ಟದ್ದೇ ಆಗಿದ್ದರೆ, 32 ಗ್ರಾಂನ ಸಣ್ಣ ಬೀಜವೂ 65 ಕೆಜಿ ಬೇಕಾಗುತ್ತದೆ. ಒದ್ದೆ ಗೋಣಿಚೀಲದ ಮಡಿಕೆಯಲ್ಲಿ ನೂರು ಬೀಜ ಇಟ್ಟು ಹತ್ತು ದಿನ ಕಾದರೆ ಇದು ಗೊತ್ತಾಗುತ್ತದೆ. ಬೀಜ ಎಣಿಸುವಾಗ ಚೆಂದ ಕಂಡದ್ದನ್ನು ಆರಿಸಬಾರದು. ಚೀಲದ ಮೇಲೆ, ನಡುವೆ, ತಳದಿಂದ ಹಿಡಿ ತೆಗೆದು ಸಿಕ್ಕಿದ್ದನ್ನು ಸಿಕ್ಕ ಹಾಗೇ ಎಣಿಸಬೇಕು. ನೂರರ ಗುಂಪನ್ನು ನಾಲ್ಕು ಸಲ ತೂಗಿ ಸರಾಸರಿ ತೆಗೆದರೆ ಸಾಕು.

ಗಿಡ ಹೆಚ್ಚಾದರೆ ಏನಾಗುತ್ತದೆ

1953ರಲ್ಲಿ ಜಪಾನಿನ ಕಿರಾ ಮತ್ತು ಸಂಗಡಿಗರು ಗಿಡಗಳ ಒತ್ತೊತ್ತಿಗೂ ಇಳುವರಿಗೂ ಇರುವ ನಂಟನ್ನು ಲೆಕ್ಕಕ್ಕೆ ಇಳಿಸಿದರು. ವಿರಳವಾಗಿ ಬಿತ್ತಿದ ಹೊಲದಲ್ಲಿ ಗಿಡಗಳ ಸಂಖ್ಯೆ ಹೆಚ್ಚಿಸಿದಂತೆ ಒಟ್ಟು ಬೆಳವಣಿಗೆಯೂ ಹೆಚ್ಚುತ್ತದೆ, ಏಕೆಂದರೆ ಅಕ್ಕಪಕ್ಕದ ಗಿಡಗಳು ಇನ್ನೂ ಒಂದನ್ನೊಂದು ಮುಟ್ಟಿಲ್ಲ. ಒಂದು ಹಂತ ದಾಟಿದ ಮೇಲೆ ಬೇರುಗಳು ಅದೇ ನೀರಿಗೆ, ಎಲೆಗಳು ಅದೇ ಬೆಳಕಿಗೆ ಕೈಚಾಚುತ್ತವೆ. ಅಲ್ಲಿಂದ ಮುಂದೆ ಗಿಡಗಳನ್ನು ದುಪ್ಪಟ್ಟು ಮಾಡಿದರೆ ಪ್ರತಿ ಗಿಡದ ತೂಕ ಅರ್ಧವಾಗುತ್ತದೆ; ಎಕರೆಯ ಒಟ್ಟು ತೂಕ ಇದ್ದಲ್ಲೇ ಇರುತ್ತದೆ. ಇನ್ನೂ ಒತ್ತಿದರೆ ಬಲವಿಲ್ಲದವು ಸಾಯುತ್ತಾ ಹೋಗುತ್ತವೆ. ಹೀಗೆ ತಾವಾಗಿಯೇ ವಿರಳವಾಗುವ ಪ್ರಕ್ರಿಯೆಯ ಲೆಕ್ಕವನ್ನು 1963ರಲ್ಲಿ ಯೋದಾ ಮತ್ತು ಸಂಗಡಿಗರು ಕೊಟ್ಟರು.

ಇಷ್ಟು ಕೇಳಿದವರು "ಹಾಗಾದರೆ ಹೆಚ್ಚು ಬಿತ್ತಿದರೂ ನಷ್ಟವೇನಿಲ್ಲವಲ್ಲ, ಬೀಜದ ಖರ್ಚೊಂದೇ" ಎನ್ನಬಹುದು. ಎಡವುವುದು ಇಲ್ಲೇ. ಇದ್ದಲ್ಲೇ ಇರುವುದು ಗಿಡದ ಒಟ್ಟು ತೂಕ: ಎಲೆ, ದಂಟು, ಕಾಳು ಎಲ್ಲ ಸೇರಿ. ಕಾಳಿನ ಇಳುವರಿ ಹಾಗಲ್ಲ. ಅದು ಒಂದು ಎತ್ತರಕ್ಕೆ ಏರಿ ಮತ್ತೆ ಇಳಿಯುತ್ತದೆ. ಗಿಡ ಒಂದು ಕನಿಷ್ಠ ಗಾತ್ರ ಮುಟ್ಟಿದ ಮೇಲೆಯೇ ಕಾಳು ಕಟ್ಟುವುದು. ಆ ಗಾತ್ರ ಮುಟ್ಟದ ಗಿಡ ಸ್ವಲ್ಪ ಕಡಿಮೆ ಕಾಳು ಕೊಡುತ್ತದೆ ಎಂದಲ್ಲ, ಕೊಡುವುದೇ ಇಲ್ಲ. ಅದು ಕುಡಿದ ನೀರು, ತಿಂದ ಗೊಬ್ಬರ ಮಾತ್ರ ಹೋದದ್ದು ಹೋಯಿತು.

ಕೋಲಾರ, ಚಿಕ್ಕಬಳ್ಳಾಪುರದ ಹಾಲು ಉತ್ಪಾದಕರು ಇದನ್ನು ಬಲ್ಲರು. ಮೇವಿಗೆಂದು ಹಾಕುವ ಮುಸುಕಿನ ಜೋಳವನ್ನು ಎಕರೆಗೆ 20 ಕೆಜಿಯಷ್ಟು ಒತ್ತಾಗಿ ಬಿತ್ತುತ್ತಾರೆ, ಕಾಳಿಗೆ ಬೆಳೆಯುವಾಗ 6ರಿಂದ 8 ಕೆಜಿ. ಮೇವಿಗೆ ಬೇಕಾದದ್ದು ಒಟ್ಟು ಸೊಪ್ಪು ದಂಟು. ಅದು ಒತ್ತಾದರೂ ಕಡಿಮೆಯಾಗುವುದಿಲ್ಲ, ದಂಟು ತೆಳ್ಳಗಿದ್ದು ಹಸು ಬಿಡದೆ ತಿನ್ನುತ್ತದೆ. ಅದೇ ಹೊಲವನ್ನು ತೆನೆಗೆಂದು ಬಿಟ್ಟರೆ ಅರ್ಧ ಗಿಡ ಬಂಜೆ. ಒಂದೇ ಬೆಳೆ, ಒಂದೇ ಮಣ್ಣು. ಸೊಪ್ಪಿಗೋ ಕಾಳಿಗೋ ಎಂಬುದರ ಮೇಲೆ ಗಿಡದ ಸಂಖ್ಯೆ ಬದಲಾಗುತ್ತದೆ.

ಮುಸುಕಿನ ಜೋಳದಲ್ಲಿ ಬಂಜೆತನ ಹೇಗೆ ಬರುತ್ತದೆಂದರೆ, ಗಿಡದ ತುದಿಯ ಗಂಡು ಹೂವು ಮೊದಲು ಅರಳಿ ಪರಾಗ ಉದುರಿಸುತ್ತದೆ. ತೆನೆಯ ರೇಷ್ಮೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಹೂವಿನ ಎಳೆಗಳು, ಒಂದೆರಡು ದಿನ ಬಿಟ್ಟು ಹೊರಬರುತ್ತದೆ. ಒತ್ತಾದ ಹೊಲದಲ್ಲಿ, ಅದರಲ್ಲೂ ಆಗಲೇ ಮಳೆ ಕೈಕೊಟ್ಟರೆ, ಗಂಡು ಹೂವು ತನ್ನ ಹೊತ್ತಿಗೆ ಅರಳಿಬಿಡುತ್ತದೆ, ರೇಷ್ಮೆ ಮಾತ್ರ ತಡವಾಗುತ್ತದೆ. ಅದು ಹೊರಬರುವ ಹೊತ್ತಿಗೆ ಪರಾಗ ಮುಗಿದಿರುತ್ತದೆ. ಹಲ್ಲುದುರಿದ ತೆನೆ, ತುದಿ ಬೋಳಾದ ತೆನೆ, ತೆನೆಯೇ ಇಲ್ಲದ ಗಿಡ, ಎಲ್ಲಕ್ಕೂ ಬಹುಪಾಲು ಇದೇ ಕಾರಣ. ನೀರಾವರಿ ಇದ್ದು 60 × 20 ಸೆಂ.ಮೀ.ಗೆ ಎಕರೆಗೆ 33,700 ಗಿಡ ನಿಲ್ಲಿಸುವುದು ಬೇರೆ. ಗೌರಿಬಿದನೂರು ಕಡೆಯ ಮಳೆಯಾಶ್ರಿತ ಕೆಂಪು ಹೊಲದಲ್ಲಿ 60 × 30ಕ್ಕೆ 22,500 ಗಿಡ ಕ್ಷೇಮ.

ಇನ್ನೊಂದು ಸೂಕ್ಷ್ಮ. ನೆರೆಯ ಗಿಡ ತನ್ನ ಮೇಲೆ ನೆರಳು ಹಾಕುವ ಮೊದಲೇ ಗಿಡಕ್ಕೆ ಅದರ ಸುಳಿವು ಸಿಗುತ್ತದೆ. ಹಸಿರೆಲೆ ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರ-ಕೆಂಪು ಬೆಳಕನ್ನು ಪಕ್ಕಕ್ಕೆ ಚೆಲ್ಲುತ್ತದೆ. ಗಿಡದಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಇವೆರಡರ ಪ್ರಮಾಣ ಬದಲಾದದ್ದನ್ನು ಗುರುತಿಸುತ್ತದೆ. ಆ ಕೂಡಲೇ ಗಿಡ ಕಾಂಡವನ್ನು ಎತ್ತರಕ್ಕೆ ಎಳೆಯುತ್ತದೆ, ಕವಲನ್ನೂ ಬುಡದಿಂದ ಒಡೆಯುವ ಮರಿ ಕಾಂಡವಾದ ತೆಂಡೆಯನ್ನೂ ತಡೆಹಿಡಿಯುತ್ತದೆ. ರಾಗಿಯಲ್ಲಿ ಹೆಚ್ಚುವರಿ ಪೈರನ್ನು 15ರಿಂದ 20 ದಿನದೊಳಗೆ ಕಿತ್ತುಬಿಡಿ ಎನ್ನುವುದು ಇದಕ್ಕೇ. ತಿಂಗಳು ಕಳೆದ ಮೇಲೆ ಕಿತ್ತರೆ ಜಾಗವೇನೋ ಆಗುತ್ತದೆ; ಉಳಿದ ಪೈರು ಆಗಲೇ ಸೊರಗಿ ಉದ್ದವಾಗಿ, ತೆಂಡೆ ಒಡೆಯುವ ಕಾಲ ಜಾರಿರುತ್ತದೆ. ಗಾಳಿ ಮಳೆಗೆ ಬೀಳುವುದೂ ಅಂಥದ್ದೇ.

ರಾಗಿ ಎಂಬ ಉದಾರ ಬೆಳೆ

ರಾಗಿಯ ಸಾವಿರ ಕಾಳು ತೂಗಿದರೆ 3 ಗ್ರಾಂ. ಒಂದು ಕೆಜಿಯಲ್ಲಿ 3.3 ಲಕ್ಷ ಕಾಳು. 30 × 10 ಸೆಂ.ಮೀ. ಅಂತರಕ್ಕೆ ಬೇಕಾದದ್ದು 1.35 ಲಕ್ಷ ಪೈರು, ಲೆಕ್ಕಕ್ಕೆ ಅರ್ಧ ಕೆಜಿಯೂ ಬೇಡ. ಆದರೂ ಕೂರಿಗೆಯಲ್ಲಿ ಬಿತ್ತುವವರು ಎಕರೆಗೆ 4ರಿಂದ 5 ಕೆಜಿ ಹಾಕುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಶಿಫಾರಸೂ ಅಷ್ಟೇ. ಇದು ಅಜ್ಞಾನವಲ್ಲ. ಇಷ್ಟು ಸಣ್ಣ ಕಾಳನ್ನು ಕೂರಿಗೆಯ ಬಟ್ಟಲಿಂದ ಒಂದೊಂದಾಗಿ ಬಿಡಲು ಯಾವ ಕೈಗೂ ಆಗದು. ಮೇಲಾಗಿ ಕಾಳು 3 ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಮೇಲೆ ಬರುವಷ್ಟು ಶಕ್ತಿ ಅದರಲ್ಲಿಲ್ಲ. ಬಿತ್ತಿದ ಮಾರನೇ ದಿನ ಜೋರು ಮಳೆ ಬಂದು ಕೆಂಪು ಮಣ್ಣು ಹೆಪ್ಪುಗಟ್ಟಿದರೆ ಮೊಳಕೆ ಒಳಗೇ ಮುದುಡಿಕೊಳ್ಳುತ್ತದೆ. ಆ ಭಯಕ್ಕೆ ಹೆಚ್ಚು ಬಿತ್ತುವುದು ಸರಿ. ಹದ ಚೆನ್ನಾಗಿದ್ದು ನೂರಕ್ಕೆ ಅರವತ್ತು ಹುಟ್ಟಿದರೂ 4 ಕೆಜಿಯಿಂದ 8 ಲಕ್ಷ ಪೈರು, ಬೇಕಾದ್ದರ ಆರು ಪಟ್ಟು. ಆಗ ತೆಳು ಮಾಡದೆ ಬಿಡುವುದೇ ತಪ್ಪು. ಕೂಲಿ ಸಿಗದ ಕಡೆ ಅಡ್ಡಡ್ಡ ಹಲುಬೆ (ಹಲ್ಲುಗಳಿರುವ ಕುಂಟೆ) ಹೊಡೆದರೂ ಸ್ವಲ್ಪ ಮಟ್ಟಿಗೆ ಕೆಲಸ ಆಗುತ್ತದೆ.

ರಾಗಿ ಉದಾರಿ ಎನ್ನಲು ಕಾರಣ ಅದರ ತೆಂಡೆ. ಜಾಗ ಸಿಕ್ಕರೆ ಬುಡದಿಂದ ತೆಂಡೆ ಒಡೆದು ಖಾಲಿಯನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಪೈರು ಸ್ವಲ್ಪ ಕಮ್ಮಿಯಾದರೂ ಇಳುವರಿ ಅಷ್ಟಾಗಿ ಬೀಳುವುದಿಲ್ಲ. ಗುಳಿ ರಾಗಿ ಪದ್ಧತಿ ಈ ಗುಣವನ್ನು ತುದಿಯವರೆಗೆ ಎಳೆಯುತ್ತದೆ: ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಎರಡು ಪೈರು, ಎಕರೆಗೆ ಸುಮಾರು 20 ಸಾವಿರ ಗುಳಿ, ಬೀಜ ಅರ್ಧ ಕೆಜಿಯ ಒಳಗೆ. ಕೊಟ್ಟಿಗೆ ಗೊಬ್ಬರ ತುಂಬಿಸಿ, ಎಳೆ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆದು ತೆಂಡೆ ಹೆಚ್ಚಿಸುತ್ತಾರೆ. ಆದರೆ ಇದಕ್ಕೆ ಒಂದು ಷರತ್ತು ಇದೆ, ಹೊಗಳುವವರು ಅದನ್ನು ಹೇಳುವುದು ಕಡಿಮೆ: ಕಾಲ ಬೇಕು. ತೆಂಡೆಯ ಮೇಲೆ ತೆಂಡೆ ಒಡೆದು ಎಲ್ಲವೂ ತೆನೆಯಾಗಲು ದೀರ್ಘಾವಧಿ ತಳಿ, ಮುಂಚಿತ ನಾಟಿ, ನಡುವೆ ಕೈಬಿಡದ ಮಳೆ ಅಥವಾ ಒಂದೆರಡು ನೀರು ಇರಬೇಕು. ಆಗಸ್ಟ್ ಕಡೆಗೆ ಅಲ್ಪಾವಧಿ ತಳಿ ಹಾಕುವವರು ಇದೇ ಅಂತರ ಹಿಡಿದರೆ ಮೊದಲ ತೆನೆ ಬಲಿತು ಉದುರುವಾಗ ಹಿಂದಿನ ತೆನೆಗಳು ಇನ್ನೂ ಹಾಲುಗಾಳು. ತಡವಾದಷ್ಟೂ ತೆಂಡೆಯ ಮೇಲಿನ ಭರವಸೆ ಬಿಟ್ಟು ಪೈರಿನ ಸಂಖ್ಯೆ ಹೆಚ್ಚಿಸಬೇಕು, 22.5 × 10 ಸೆಂ.ಮೀ. ಆಗ ಸೂಕ್ತ.

ಮುಸುಕಿನ ಜೋಳ ಇದಕ್ಕೆ ನೇರ ವಿರುದ್ಧ. ಒಂಟಿ ಕಾಂಡ, ಒಂದೋ ಎರಡೋ ತೆನೆ. ಗಿಡ ಕಮ್ಮಿಯಾದರೆ ತುಂಬಿಕೊಳ್ಳಲು ದಾರಿಯಿಲ್ಲ, ಹೆಚ್ಚಾದರೆ ಬಂಜೆ. ತೊಗರಿ ಕವಲೊಡೆದು ಹರಡುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅದನ್ನು ಹಾಕುವುದು ಸಾಗುತ್ತಿರುವುದೇ ಆ ಗುಣದಿಂದ. ರಾಗಿ ಕೊಯ್ದ ಮೇಲೆ ಸಿಗುವ ಜಾಗವನ್ನೆಲ್ಲ ತೊಗರಿ ಆಮೇಲೆ ಆವರಿಸಿಕೊಳ್ಳುತ್ತದೆ.

ಕಡ್ಲೆಕಾಯಿ ಇವೆರಡರ ನಡುವೆ. ಒತ್ತಾದಾಗ ಗಿಡ ಮೊದಲು ಕೈಬಿಡುವುದು ಕವಲನ್ನು, ನಂತರ ಹೂವನ್ನು, ಆಮೇಲೆ ಮಣ್ಣಿಗಿಳಿಯುವ ಸೂಜಿಯಂಥ ಕಡ್ಡಿಗಳನ್ನು, ಆಮೇಲೆ ಕಾಯಿಯೊಳಗಿನ ಬೀಜದ ಸಂಖ್ಯೆಯನ್ನು. ಬೀಜದ ಗಾತ್ರ ಕಡಿಮೆಯಾಗುವುದು ಎಲ್ಲಕ್ಕಿಂತ ಕೊನೆಗೆ. ಬಹುತೇಕ ಎಲ್ಲ ಕಾಳಿನ ಬೆಳೆಗಳಲ್ಲೂ ಇದೇ ಕ್ರಮ. ಆದ್ದರಿಂದ ಕಣದಲ್ಲಿ ಕಾಳು ದಪ್ಪಗಿದೆ ಎಂದು ಗಿಡದ ಸಂಖ್ಯೆ ಸರಿಯಿತ್ತು ಎಂದುಕೊಳ್ಳಬಾರದು. ನೋಡಬೇಕಾದದ್ದು ಗಿಡಕ್ಕೆ ಎಷ್ಟು ಕಾಯಿ, ಎಕರೆಗೆ ಎಷ್ಟು ಗಿಡ ಎಂಬ ಗುಣಲಬ್ಧ.

ಮಳೆ ಕಮ್ಮಿಯ ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕು. ದಟ್ಟ ಪೈರು ಮೊದಲ ನಲವತ್ತು ಐವತ್ತು ದಿನದಲ್ಲಿ ಮಣ್ಣಿನ ಹಸಿಯನ್ನೆಲ್ಲ ಎಳೆದು ಸೊಂಪಾಗಿ ಕಾಣುತ್ತದೆ. ಕಾಯಿ ಕಟ್ಟುವಾಗ ಮಳೆ ತಪ್ಪಿದರೆ ಒಳಗಡೆ ಉಳಿಕೆ ಇಲ್ಲ. ಹಾಗೆಂದು ತೀರಾ ವಿರಳ ಮಾಡಿದರೂ ಪೆಟ್ಟು ಇದೆ. ನುಸಿಯಂಥ ಥ್ರಿಪ್ಸ್ ಹರಡುವ ಮೊಗ್ಗು ಸಾಯುವ ನಂಜುರೋಗ ವಿರಳ ಹೊಲದಲ್ಲಿ ಹೆಚ್ಚು. ಬಂದಿಳಿಯುವ ನುಸಿ ಅಷ್ಟೇ ಇದ್ದು, ಹಂಚಿಕೊಳ್ಳುವ ಗಿಡ ಕಮ್ಮಿಯಾದರೆ ರೋಗ ತಗಲುವ ಗಿಡಗಳ ಪ್ರಮಾಣ ಏರುತ್ತದೆ, ಸತ್ತ ಗಿಡದ ಜಾಗ ತುಂಬಲು ಪಕ್ಕದಲ್ಲಿ ಗಿಡವೂ ಇರುವುದಿಲ್ಲ. ಎಲೆಚುಕ್ಕೆ, ತುಕ್ಕು ರೋಗಗಳದ್ದು ಬೇರೆ ದಾರಿ. ಅವಕ್ಕೆ ದಟ್ಟ ಪೈರಿನೊಳಗೆ ಆರದ ಇಬ್ಬನಿ ಇಷ್ಟ.

ದಪ್ಪ ಬೀಜದ ಲಾಭ ಎಲ್ಲಿಯವರೆಗೆ

ಬೀಜದೊಳಗಿನ ತಿರುಳು ತಾಯಿಗಿಡ ಸಸಿಗೆ ಕಟ್ಟಿಕೊಟ್ಟ ಬುತ್ತಿ. ಎಲೆ ಹಸಿರಾಗಿ ತನ್ನ ಅನ್ನ ತಾನು ಬೇಯಿಸಿಕೊಳ್ಳುವವರೆಗೆ ಅದೇ ಆಧಾರ. ಬುತ್ತಿ ದೊಡ್ಡದಿದ್ದರೆ ಸ್ವಲ್ಪ ಆಳದಿಂದಲೂ ಮೇಲೆ ಬರಬಹುದು, ಹೆಪ್ಪುಗಟ್ಟಿದ ಮಣ್ಣನ್ನು ಒಡೆಯಬಹುದು, ಮೊದಲ ಎಲೆ ಅಗಲವಾಗಿರುತ್ತದೆ. ತಾಯಿಗಿಡಕ್ಕೆ ಇರುವ ಅನ್ನವೋ ಇಷ್ಟೇ. ಬೀಜವನ್ನು ದಪ್ಪ ಮಾಡಿದರೆ ಸಂಖ್ಯೆ ಕಮ್ಮಿ, ಸಂಖ್ಯೆ ಹೆಚ್ಚಿಸಿದರೆ ಗಾತ್ರ ಕಮ್ಮಿ. ಈ ಕೊಡು-ಕೊಳ್ಳುವಿಕೆಗೆ ಸ್ಮಿತ್ ಮತ್ತು ಫ್ರೆಟ್‌ವೆಲ್ 1974ರಲ್ಲಿ ಗಣಿತದ ರೂಪ ಕೊಟ್ಟರು.

ಆದರೆ ಮೊದಲ ವಾರ ಕಂಡ ಈ ಅಂತರ ಕೊಯ್ಲಿನವರೆಗೆ ಉಳಿಯುತ್ತದೆಯೇ? ಅದು ಗಿಡಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಇಡೀ ವಿಷಯದಲ್ಲಿ ಹೆಚ್ಚು ತಪ್ಪಾಗಿ ತಿಳಿಯುವ ಜಾಗ ಇದು. ಒಂದೊಂದೇ ಗಿಡಕ್ಕೆ ಬೇಕಾದಷ್ಟು ಜಾಗ ಇದ್ದರೆ ಸಣ್ಣ ಬೀಜದ ಸಸಿ ತನ್ನ ಗಾತ್ರಕ್ಕೆ ಹೋಲಿಸಿದರೆ ಬೇಗ ಬೆಳೆದು ಅಂತರವನ್ನು ಬಹಳಷ್ಟು ಮುಚ್ಚಿಕೊಳ್ಳುತ್ತದೆ. ಒತ್ತಾದ ಸಾಲಿನಲ್ಲಿ ಹಾಗಾಗದು. ಎರಡು ಬೆರಳು ಎತ್ತರವಿದ್ದ ಗಿಡ ಬೆಳಕನ್ನು ಮೊದಲು ಹಿಡಿಯುತ್ತದೆ. ಬೆಳಕು ಮೇಲಿಂದ ಬರುವ ಸರಕು, ಮೇಲಿದ್ದವನಿಗೆ ಪೂರ್ತಿ, ಕೆಳಗಿದ್ದವನಿಗೆ ಮಿಕ್ಕಿದ್ದು. ನೀರಿನ ಪೈಪೋಟಿ ಅಷ್ಟು ಏಕಪಕ್ಷೀಯವಲ್ಲ. ಹಾಗಾಗಿ ದಿನ ಕಳೆದಂತೆ ಸಣ್ಣ ಅಂತರ ದೊಡ್ಡದಾಗಿ, ಕೊನೆಗೆ ಕೆಲವು ದೈತ್ಯ, ಹಲವು ಬಂಜೆ. ದಪ್ಪ-ಸಣ್ಣ ಬೀಜಗಳನ್ನು ಬೆರೆಸಿ ಒತ್ತಾಗಿ ಬಿತ್ತಿದಾಗ ಹೀಗಾಗುತ್ತದೆ. ಎಲ್ಲ ಬೀಜವೂ ಸಣ್ಣದೇ ಆಗಿದ್ದು ಒಂದೇ ಅಳತೆಯಲ್ಲಿದ್ದರೆ ತೊಂದರೆ ಅದಕ್ಕಿಂತ ಕಮ್ಮಿ. ಅಂದರೆ ಜರಡಿ ಹಿಡಿಯುವುದರ ಉದ್ದೇಶ ದಪ್ಪ ಬೀಜ ಆರಿಸುವುದಷ್ಟೇ ಅಲ್ಲ, ಸಮ ಮಾಡುವುದು. ಮುರುಟಿದ್ದನ್ನು, ಒಡಕನ್ನು ಬಿಸಾಡಿ. ಉಳಿದದ್ದರಲ್ಲಿ ಎರಡು ಗಾತ್ರ ಕಂಡರೆ ಬೇರೆ ಬೇರೆ ತಾಕಿಗೆ ಬಿತ್ತಿ.

ಬೀಜದ ಗಾತ್ರಕ್ಕಿಂತ ಹೆಚ್ಚಿನ ಪ್ರಭಾವ ಹುಟ್ಟಿದ ದಿನದ್ದು. ಎರಡು ಮೂರು ದಿನ ತಡವಾಗಿ ಹುಟ್ಟಿದ ದಪ್ಪ ಬೀಜದ ಸಸಿಯನ್ನು ಮೊದಲು ಹುಟ್ಟಿದ ಸಣ್ಣ ಬೀಜದ ಸಸಿ ತುಳಿದುಬಿಡುತ್ತದೆ. ಕಡ್ಲೆಬೀಜ ಎಲ್ಲೆಡೆ 5 ಸೆಂ.ಮೀ. ಆಳದಲ್ಲೇ ಬೀಳುವಂತೆ ನೋಡಿಕೊಳ್ಳುವುದು, ಸಮನಾದ ಹಸಿ ಇರುವಾಗ ಬಿತ್ತುವುದು ಅದಕ್ಕೇ ಮುಖ್ಯ. ಮುಸುಕಿನ ಜೋಳದಲ್ಲಿ ಹುಟ್ಟದ ಕಡೆ ಹದಿನೈದು ದಿನ ಬಿಟ್ಟು ಮರುಬೀಜ ಊರುವ ಕೆಲಸ ಬಹುಪಾಲು ವ್ಯರ್ಥ. ವಾರದೊಳಗೆ ಊರಿದರೆ ಸರಿ, ಆಮೇಲಿನದ್ದು ನೆರಳಿನಲ್ಲಿ ಬೆಳೆದ ಕಳೆ.

ದಪ್ಪ ಬೀಜದ ತಳಿಗೆ ಎರಡು ದೋಷಗಳೂ ಇವೆ. ನೆನೆದು ಮೊಳೆಯಲು ಹೆಚ್ಚು ನೀರು ಬೇಕು. ಅರೆಬರೆ ಹದಕ್ಕೆ ಬಿತ್ತಿದರೆ ಅರ್ಧ ಉಬ್ಬಿ ಕೊಳೆಯುತ್ತದೆ. ಯಂತ್ರದಲ್ಲಿ ಸುಲಿದಾಗ ಅದರ ಕೆಂಪು ಸಿಪ್ಪೆ ಸುಲಭವಾಗಿ ಬಿರಿಯುತ್ತದೆ, ಬಿರಿದಲ್ಲಿಂದ ಬೂಷ್ಟು ಒಳಹೋಗುತ್ತದೆ. ಜೊತೆಗೆ ದಪ್ಪ ಬೀಜ ತುಂಬಲು ಕಾಯಿ ಬೆಳೆಯುವ ಮಣ್ಣಿನಲ್ಲೇ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಬೇಕು. ಬೇರು ಹೀರಿದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲ, ಕಾಯಿಯೇ ಮಣ್ಣಿನಿಂದ ನೇರವಾಗಿ ಹೀರಬೇಕು. ಅದಕ್ಕೇ ಎಕರೆಗೆ 200 ಕೆಜಿ ಜಿಪ್ಸಂ, ಬಿತ್ತಿದ 30–35 ದಿನಕ್ಕೆ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸುವುದು. ಇಲ್ಲದಿದ್ದರೆ ಕಾಯಿ ದೊಡ್ಡದು, ಒಳಗೆ ಜೊಳ್ಳು.

ಆಲೂಗಡ್ಡೆಯಲ್ಲಿ ಎರಡೂ ಲೆಕ್ಕ ಒಂದೇ ಕಡೆ

ಕೋಲಾರ, ಚಿಕ್ಕಬಳ್ಳಾಪುರದ ಆಲೂಗಡ್ಡೆ ಬೆಳೆಗಾರರಿಗೆ ಗಿಡದ ಸಂಖ್ಯೆ ಎಂದರೆ ಗಡ್ಡೆಯ ಸಂಖ್ಯೆ ಅಲ್ಲ, ಕಾಂಡದ ಸಂಖ್ಯೆ. ಒಂದು ಬಿತ್ತನೆ ಗಡ್ಡೆಯ ಕಣ್ಣುಗಳಿಂದ ಎರಡು, ಮೂರು, ನಾಲ್ಕು ಕಾಂಡ ಬರುತ್ತವೆ. ಪ್ರತಿ ಕಾಂಡವೂ ತನ್ನ ಬೇರು, ತನ್ನ ಗಡ್ಡೆ ಇರುವ ಒಂದೊಂದು ಗಿಡ. 60 × 20 ಸೆಂ.ಮೀ.ಗೆ ಎಕರೆಗೆ 33,700 ಗಡ್ಡೆ. ಗಡ್ಡೆ 40 ಗ್ರಾಂ ಇದ್ದರೆ ಹದಿಮೂರೂವರೆ ಕ್ವಿಂಟಲ್, 25 ಗ್ರಾಂ ಇದ್ದರೆ ಎಂಟೂವರೆ. ದೊಡ್ಡ ಗಡ್ಡೆಗೆ ಕಣ್ಣು ಹೆಚ್ಚು, ಕಾಂಡ ಹೆಚ್ಚು, ಆದ್ದರಿಂದ ಹೊಸ ಗಡ್ಡೆಗಳೂ ಹೆಚ್ಚು, ಆದರೆ ಒಂದೊಂದೂ ಸಣ್ಣದು. ಮಾರುಕಟ್ಟೆಗೆ ದಪ್ಪ ಗಡ್ಡೆ ಬೇಕೆನ್ನುವವರು ದೊಡ್ಡ ಬಿತ್ತನೆ ಗಡ್ಡೆ ನೆಟ್ಟರೆ ಅಂತರ ಹೆಚ್ಚಿಸಬೇಕು. ಬಿತ್ತನೆಗೆಂದೇ ಸಣ್ಣ ಗಡ್ಡೆ ಬೆಳೆಯುವವರಿಗೆ ಒತ್ತು ಒಳ್ಳೆಯದು. ಖರ್ಚು ಉಳಿಸಲು ಗಡ್ಡೆ ಕತ್ತರಿಸುವವರು ಪ್ರತಿ ಹೋಳಿನಲ್ಲೂ ಕನಿಷ್ಠ ಎರಡು ಕಣ್ಣು ಉಳಿಸಿ, ಕತ್ತರಿಸಿದ ಮೈ ನೆರಳಲ್ಲಿ ಆರಿ ಗಟ್ಟಿಯಾಗುವವರೆಗೆ ಕಾಯಬೇಕು. ಹಸಿ ಗಾಯದ ಹೋಳು ಒದ್ದೆ ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ, ಆ ಜಾಗ ಖಾಲಿ.

ಹೊಲದಲ್ಲಿ ಎಣಿಸುವುದು

ಅಳತೆ ಟೇಪು ಸಾಕು. ಸಾಲಿನ ಅಂತರ 30 ಸೆಂ.ಮೀ. ಇದ್ದರೆ 13.5 ಮೀಟರ್ ಉದ್ದದ ಒಂದು ಸಾಲು ಎಕರೆಯ ಸಾವಿರದ ಒಂದು ಪಾಲು. 60 ಸೆಂ.ಮೀ. ಆದರೆ 6.75 ಮೀಟರ್. ಆ ಉದ್ದದಲ್ಲಿರುವ ಗಿಡ ಎಣಿಸಿ ಸಾವಿರದಿಂದ ಗುಣಿಸಿದರೆ ಎಕರೆಯ ಗಿಡಗಳ ಸಂಖ್ಯೆ. ಬಿತ್ತಿದ 12ರಿಂದ 15 ದಿನದೊಳಗೆ ಐದು ಕಡೆ ಎಣಿಸಿ. ಬದುವಿನ ಪಕ್ಕದ್ದು ಬೇಡ. ಕಡ್ಲೆಕಾಯಿಯಲ್ಲಿ 135 ಸಿಕ್ಕರೆ ಗುರಿ ಮುಟ್ಟಿದಂತೆ.

ಬರೀ ಸರಾಸರಿ ಸಾಲದು. ಒಂದು ಕಡೆ ಹತ್ತು ಗಿಡ ಗುಂಪಾಗಿ, ಮುಂದೆ ಒಂದು ಮೀಟರ್ ಖಾಲಿ ಇದ್ದರೂ ಸರಾಸರಿ ಚೆನ್ನಾಗಿ ಕಾಣುತ್ತದೆ. ಒಂದು ಅಡಿಗಿಂತ ಉದ್ದದ ಖಾಲಿಗಳನ್ನು ಬೇರೆಯಾಗಿ ಎಣಿಸಬೇಕು. ಖಾಲಿ ಕೂರಿಗೆಯ ಒಂದೇ ತಾಳಿನ (ಬೀಜ ಬಿಡುವ ಹಲ್ಲಿನ) ಸಾಲಿನಲ್ಲಿ ಮತ್ತೆ ಮತ್ತೆ ಬಂದಿದ್ದರೆ ಆ ತಾಳಿನ ಕೊಳವೆ ಕಟ್ಟಿಕೊಂಡಿತ್ತು ಎಂದರ್ಥ. ಎಲ್ಲ ಸಾಲಿನಲ್ಲೂ ಚದುರಿದಂತೆ ಇದ್ದರೆ ಮೊಳಕೆ ಪ್ರಮಾಣದ ಮೇಲೆ ಅನುಮಾನ. ತಗ್ಗಿನಲ್ಲಿ ಮಾತ್ರ ಇದ್ದರೆ ನೀರು ನಿಂತದ್ದು. ಖಾಲಿ ಜಾಗ ಕೆದಕಿ ಬೀಜ ಹುಡುಕಿದರೆ ಇನ್ನೂ ಖಚಿತ: ಬೀಜವೇ ಇಲ್ಲದಿದ್ದರೆ ಬಿದ್ದಿಲ್ಲ ಅಥವಾ ಹಕ್ಕಿ ಹೆಕ್ಕಿದೆ, ಕೊಳೆತಿದ್ದರೆ ಬೀಜೋಪಚಾರ (ಬಿತ್ತುವ ಮೊದಲು ಬೀಜಕ್ಕೆ ಔಷಧಿ ಲೇಪಿಸುವುದು) ಆಗಿಲ್ಲ, ಸುರುಳಿ ಸುತ್ತಿದ ಮೊಳಕೆ ಇದ್ದರೆ ಆಳ ಜಾಸ್ತಿ.

ಮುಂದಿನ ವರ್ಷದ ಬೀಜಕ್ಕೆಂದು ಬಿಡುವ ತಾಕನ್ನು ಉಳಿದ ಹೊಲಕ್ಕಿಂತ ಸ್ವಲ್ಪ ಸಡಿಲವಾಗಿ ಬಿತ್ತಿ, ಕಾಯಿ ಬಲಿಯುವ ಹೊತ್ತಿಗೆ ಸಾಧ್ಯವಿದ್ದರೆ ಒಂದು ನೀರು ಕೊಡಿ. ಕೊನೆಯಲ್ಲಿ ಬರ ಬಿದ್ದ ಹೊಲದ ಬೀಜ ಸಣ್ಣದು, ಸುಣ್ಣದಂಶವೂ ಕಮ್ಮಿ. ಅದರ ಪರಿಣಾಮ ಮೊಳಕೆಯಲ್ಲಿ ಕಾಣುತ್ತದೆ. ರಾಗಿಯಲ್ಲಿ ಮೊದಲು ಬಲಿತ ತಾಯಿ ಪೈರಿನ ತೆನೆಗಳನ್ನೇ ಕೊಯ್ದು ಬೇರೆ ಇಡಿ. ಕಡ್ಲೆಕಾಯಿಯನ್ನು ಬಿರು ಬಿಸಿಲಿಗೆ ನೇರ ಹರಡದೆ ಒಣಗಿಸಿ, ತೇವಾಂಶ ನೂರಕ್ಕೆ 9ಕ್ಕಿಂತ ಇಳಿದ ಮೇಲೆ ಸಿಪ್ಪೆ ಸಮೇತ ಗೋಣಿಯಲ್ಲಿ ಕಟ್ಟಿಡಬೇಕು. ಸುಲಿಯುವುದು ಬಿತ್ತನೆಗೆ ವಾರ ಇರುವಾಗ, ಕೈಯಿಂದ. ಸುಲಿದ ದಿನವೇ ನೂರು ಬೀಜ ತೂಗಿ ಬರೆದಿಟ್ಟುಕೊಳ್ಳಿ.